ಕಾಗುಣಿತ ಮುಗಿಯಲಿ

ಮೊನ್ನೆ ಇಲ್ಲಿ ಮೆಲ್ಬರ್ನ್‌ನ ವೆರಿಬೀಯ ಕ್ಲಿನಿಕ್ಕಿನಲ್ಲಿ ಮಗಳ ಕೈಗೆ ಸ್ಯಾನಿಟೈಸರ್ ಹಾಕುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಡ್ನಿಯ ಆ ಹುಡುಗಿ ನೆನಪಾದಳು. ಹತ್ತು ವರ್ಷದವಳು... ಇಲ್ಲ, ಹತ್ತು ತುಂಬಿರಲಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ವಾಸಿಯಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಮನೆಯೊಂದಕ್ಕೆ ಯೂನಿವರ್ಸಿಟಿಯಿಂದ ನಾವು ನಾಲ್ವರು ಪ್ರತಿ ಶನಿವಾರ ವಾಲಂಟಿಯರ್‌ಗಳಾಗಿ ಹೋಗುತ್ತಿದ್ದೆವು. ನಿಜ ಹೇಳಬೇಕೆಂದರೆ, ರೆಸ್ಯೂಮೆಗೆ ಒಳ್ಳೆಯದೆಂದು ಹೆಸರು ಕೊಟ್ಟವನು ನಾನು. ಮಗು ಏನು ಕೇಳುತ್ತದೋ ಅದನ್ನು ಮಾಡಿ ಎಂದು ಟ್ರೇನಿಂಗ್‌ನಲ್ಲಿ ಹೇಳಿದ್ದರು. ತಲೆಯಾಡಿಸಿ ಸಹಿ ಹಾಕಿದ್ದೆ.

ಕನ್ನಡದವನೆಂದು ಅವಳನ್ನು ನನಗೆ ಒಪ್ಪಿಸಿದರು. ಅವಳ ಮನೆ ಸಿಡ್ನಿಯದೇ ಬಡಾವಣೆ ಕ್ವೇಕರ್ಸ್ ಹಿಲ್, ಊರು ಉಡುಪಿ, ಮನೆಮಾತು ತುಳು. ಅವಳಿಗೆ ಬೇಕಿದ್ದದ್ದು ಒಂದೇ. ಊರಿನ ಅಜ್ಜಿಗೆ ತನ್ನ ಕೈಯಾರೆ ಒಂದು ಕಾಗದ ಬರೆಯಬೇಕು. ಅಜ್ಜಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ. ಫೋನಿನಲ್ಲಾದರೆ ಅಜ್ಜಿ ಅಳುತ್ತಿದ್ದರೇ ಹೊರತು ಇವಳ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ.

ನಾನೋ ಮೇಷ್ಟ್ರ ಮಗ. ಅ ಆ ಇ ಈಯಿಂದಲೇ ಶುರು ಮಾಡಿದೆ. ಅಕ್ಷರ ದುಂಡಗೆ ಬರಲಿಲ್ಲವೆಂದರೆ ಅಪ್ಪನ ಹಾಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಮತ್ತೆ ಬರೆಸುತ್ತಿದ್ದೆ. ಸೂಜಿ ಚುಚ್ಚಿ ಊದಿಕೊಂಡ ಕೈಯಲ್ಲಿ ಅವಳು ತಕರಾರಿಲ್ಲದೆ ಬರೆಯುತ್ತಿದ್ದಳು. "ಯು ಆರ್ ಸೋ ಸ್ಟ್ರಿಕ್ಟ್, ಅಂಕಲ್" ಎಂದು ನಕ್ಕಾಗ ನನಗೆ ಎಂಥ ಜಂಬ!

ಐದನೆಯ ಶನಿವಾರ ಅವಳೇ ಕೇಳಿದಳು, "ಕ್ಯಾನ್ ವಿ ಡೂ ದ ಲೆಟರ್ ಟುಡೇ?"

"ಕಾಗುಣಿತ ಮುಗೀಲಿ ಪುಟ್ಟಿ, ನೆಕ್ಸ್ಟ್ ವೀಕ್ ಬರೆಯೋಣ" ಎಂದೆ.

ಅವಳು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ನೋಡಿಕೊಂಡು ಬರೆಯುತ್ತಿದ್ದಳು. ಅಷ್ಟು ಸುಲಭದ ದಾರಿ ಈ ಪಂಡಿತನಿಗೆ ಹೊಳೆಯಲೇ ಇಲ್ಲ. ಗುರುವಾರ ಅವಳು ತೀರಿಕೊಂಡಳು.

ತಿಂಗಳಾದ ಮೇಲೆ ಅವಳ ತಾಯಿ ಸಿಕ್ಕಿದರು. ಮಗಳ ಕಾಪಿ ಪುಸ್ತಕವನ್ನು ಊರಿಗೆ ಕಳಿಸಿದ್ದರಂತೆ. "ಅಮ್ಮ ದಿನಾಲೂ ಅದನ್ನೇ ತೆಗೆದು ನೋಡ್ತಾರಂತೆ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮಾರಾಯ್ರೆ" ಎಂದು ನನ್ನ ಕೈ ಹಿಡಿದುಕೊಂಡರು. ಆಂಟಿ, ಅವಳು ಕಾಗದ ಬರೆಯೋಣ ಎಂದಿದ್ದಳು, ನಾನೇ ಮುಂದೂಡಿದೆ... ಅಷ್ಟು ಹೇಳಲು ಬಾಯಿ ಬರಲಿಲ್ಲ. ಉಪಕಾರದ ಮಾತನ್ನು ಸುಮ್ಮನೆ ಇಟ್ಟುಕೊಂಡೆ.

ಆ ವರ್ಷವೇ ಕೆಲಸ ಸಿಕ್ಕಿ ಮೆಲ್ಬರ್ನ್‌ಗೆ ಬಂದೆ. ಇಲ್ಲಿಯ ಭಾನುವಾರದ ಕನ್ನಡ ಶಾಲೆಯವರು ಪಾಠ ಮಾಡಲು ಕರೆಯುತ್ತಲೇ ಇರುತ್ತಾರೆ. ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಉಡುಪಿಯ ಆ ಅಜ್ಜಿಯೂ ಈಗಿಲ್ಲವಂತೆ. ಅಷ್ಟು ವಾರ ಅವಳ ಪಕ್ಕದಲ್ಲೇ ಕೂತಿದ್ದೆನಲ್ಲ, ಅಜ್ಜಿಗೆ ಏನು ಬರೆಯಬೇಕೆಂದಿದ್ದೀಯ ಎಂದು ನಾನು ಒಂದು ಸಲವೂ ಕೇಳಲಿಲ್ಲ.