ಬಾಣಂತಿಗೆ ಸಾಲದ ಗೀಸರ್

ನಮ್ಮ ಭಾವ ಚಂದ್ರಮೌಳಿಯವರು ಪರವಾಡದ ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಅಧಿಕಾರಿ. ಮಾತ್ರೆಯ ಅಂಚು ಕೂದಲೆಳೆಯಷ್ಟು ಮುಕ್ಕಾಗಿದ್ದರೂ ತಳ್ಳಿಹಾಕುವ ಕಣ್ಣು. ಆ ಕಣ್ಣು ತಮ್ಮ ಕಡೆಗೆ ಮಾತ್ರ ಒಮ್ಮೆಯೂ ತಿರುಗಿದ್ದಿಲ್ಲ. ತಿಪಟೂರು ಬಿಟ್ಟು ವಿಶಾಖಪಟ್ಟಣದಲ್ಲಿ ಅರ್ಧ ಆಯಸ್ಸು ಕಳೆದರೂ, ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಾನು ಅವರ ಹೆಂಡತಿ ಗಿರಿಜಮ್ಮನ ತಂಗಿ. ಇಷ್ಟು ಹೇಳುವ ಹಕ್ಕು ನನಗಿದೆ.

ಮಗಳು ಮೇಧಾ ವಿಜಯವಾಡದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು; ಕೂಸು ಹುಟ್ಟಿದ ಮೇಲೆ ಅಕ್ಕನಿಗೆ ನೆರವಾಗಲು ನಾನೂ ಬಂದೆ. ಬಾಣಂತನ ತವರಿನಲ್ಲೇ ಆಗಬೇಕು, ಅದು ಅಕ್ಕನ ಮರ್ಯಾದೆಯ ಮಾತು. ಬಾಣಂತಿಗೆ ಎಣ್ಣೆ ಹಚ್ಚಿ, ಮಣೆಯ ಮೇಲೆ ಕೂರಿಸಿ, ಬೆನ್ನಿಗೆ ಸೊಂಟಕ್ಕೆ ಹೊಗೆಯಾಡುವ ನೀರನ್ನು ಬಿಂದಿಗೆಗಟ್ಟಲೆ ಸುರಿಯಬೇಕು. ಇಂಥ ಹೊತ್ತಿನಲ್ಲಿ ಭಾವ ಹಳೆಯ ದೊಡ್ಡ ಗೀಸರನ್ನು ಕೀಳಿಸಿ ಗುಜರಿಗೆ ಹಾಕಿ, ಟ್ಯಾಂಕೇ ಇಲ್ಲದ ಪುಟ್ಟದೊಂದನ್ನು ತಂದು ಕೂರಿಸಿದರು. ಅದರೊಳಗೆ ನೀರು ನಿಲ್ಲುವುದಿಲ್ಲ, ಹರಿಯುತ್ತಲೇ ಕಾಯುತ್ತದಂತೆ.

"ಹೊಸಾ ಕೂಸಿಗೆ ನಿಂತ ನೀರ್ಯಾಕೆ?" ಎಂದರು. ಕೂಸಿಗೆ ಒಂದು ಚೊಂಬು ಸಾಕು, ಬಾಣಂತಿಯ ಗತಿಯೇನೆಂದು ಯೋಚಿಸಲಿಲ್ಲ.

ಅವರದು ಕೊನೆಯ ಮಹಡಿ, ನೀರಿನ ಟ್ಯಾಂಕು ನೆತ್ತಿಯ ಮೇಲೆಯೇ, ನೀರು ಬೀಳಲು ಎತ್ತರವೇ ಸಾಲದು. ನಲ್ಲಿಯಲ್ಲಿ ರಭಸವಿಲ್ಲ. ರಭಸವಿಲ್ಲದಿದ್ದರೆ ಆ ಗೀಸರ್ ಶುರುವಾಗುವುದೇ ಇಲ್ಲ; ಶುರುವಾದರೂ ಒಮ್ಮೆ ಬಿಸಿ, ಒಮ್ಮೆ ತಣ್ಣೀರು. ಬಕೆಟ್ ತುಂಬುವಷ್ಟರಲ್ಲಿ ಎಲ್ಲ ಉಗುರುಬೆಚ್ಚಗೆ.

ಅಕ್ಕ ಒಲೆಯ ಮೇಲೆ ನೀರಿಟ್ಟಳು. ಭಾವ ಬಂದು ಒಲೆ ಆರಿಸಿದರು.

"ಮೆಷಿನ್ ಸರಿಯಾಗೈತೆ ಕಣೇ. ನಿಮ್ಗೆ ನಲ್ಲಿ ತಿರುಗ್ಸಾಕೆ ಬರಲ್ಲ."

"ಬಾಣಂತಿ ನಡುಗ್ತಾವ್ಳೆ ಭಾವ!" ಎಂದು ಬಚ್ಚಲಿನಿಂದ ಕೂಗಿದೆ.

"ಒಸಿ ತಡ್ಕಳಿ, ಬಿಸಿ ಬತ್ತದೆ."

ಬಾಗಿಲಾಚೆ ನಿಂತು ಪಾಠ ಹೇಳುವ ಗಂಡಸು! ನನಗೆ ಮೈಯೆಲ್ಲ ಉರಿದುಹೋಯಿತು.

ಅದೇ ಹೊತ್ತಿಗೆ ಮೊಮ್ಮಗುವನ್ನು ನೋಡಲು ಬೀಗಿತ್ತಿ ಹೈಮಾವತಿ ವಿಜಯವಾಡದಿಂದ ಬಂದಿಳಿದರು. ಎಣ್ಣೆ ಮೈಯಲ್ಲಿ ಹಲ್ಲು ಕಟಕಟಿಸುತ್ತ ಕೂತ ಸೊಸೆಯನ್ನು ಕಂಡರು. ಯಾರನ್ನೂ ಕೇಳದೆ ಒಲೆ ಹಚ್ಚಿ, ನೀರು ಕುದಿಸಿ, ತಾವೇ ಸೆರಗು ಸಿಕ್ಕಿಸಿಕೊಂಡು ಎರೆದರು. ಆಮೇಲೆ ಹೊರಗೆ ಬಂದು ಭಾವನಿಗೆ ಕೈಮುಗಿದರು.

"ಅನ್ನಯ್ಯಗಾರೂ, ಏಮೀ ಅನುಕೋಕಂಡಿ. ಪಿಲ್ಲನಿ ನೇನು ತೀಸುಕೆಳ್ತಾನು."

ಬೇಜಾರು ಮಾಡಿಕೊಳ್ಳಬೇಡಿ, ಹುಡುಗಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಮೆತ್ತಗಿನ ಮಾತು, ಚಪ್ಪಲಿಯಲ್ಲಿ ಹೊಡೆದ ಹಾಗಿತ್ತು.

ಬಾಣಂತನ ಅರ್ಧಕ್ಕೇ ಬಿಟ್ಟು ಅತ್ತೆಮನೆಗೆ ಹೋದ ಹೆಣ್ಣು ನಮ್ಮಲ್ಲಿ ಇಲ್ಲ. ಅಕ್ಕ ಗಂಡನ ಮುಖ ನೋಡಿದಳು. ತಪ್ಪಾಯಿತು ಎಂದು ಒಂದು ಮಾತು ಆಡಿದ್ದರೆ ಮಗಳು ಉಳಿಯುತ್ತಿದ್ದಳು. ಆದರೆ ಭಾವ, ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, "ಕಂಪನಿಯೋರಿಗೆ ಫೋನ್ ಮಾಡ್ತೀನಿ, ನಾಳೆ ಬಂದು ನೋಡ್ತಾರೆ" ಎಂದರು.

ಮೇಧಾ ಕೂಸನ್ನು ಎತ್ತಿಕೊಂಡಳು. "ಬ್ಯಾಡಪ್ಪ. ನಿಮ್ ಮೆಷಿನ್ ಸರಿಯಾಗೇ ಐತೆ."

ಕಾರು ಹೊರಟುಹೋದ ಮೇಲೂ ಭಾವ ಗೇಟಿನ ಬಳಿಯೇ ನಿಂತಿದ್ದರು. ಅಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಇನ್ ನೀವೊಬ್ರೇ ನೆಮ್ಮದಿಯಾಗಿ ಸ್ನಾನ ಮಾಡ್ರಿ" ಎಂದು, ತೊಟ್ಟಿಲಿಗೆ ಕಟ್ಟಿದ ಸೀರೆ ಬಿಚ್ಚಲು ಒಳಗೆ ಹೋದಳು.