ಸುಗತ ಬೀಳಲಿಲ್ಲ

ಮರ್ಫಿ ಟೌನಿನ ಸುಗತ ತೀರಿಕೊಂಡು ಇಂದಿಗೆ ಹದಿನೆಂಟು ದಿನ. ಎರಡೂ ಕಿಡ್ನಿ ಸೋತು ಐವತ್ತಾರಕ್ಕೇ ಹೋಗಿಬಿಟ್ಟ. ಶ್ರದ್ಧಾಂಜಲಿಯ ಬ್ಯಾನರಿನಲ್ಲಿ ‘ಮಾಜಿ ರೇಸರ್’ ಎಂದು ಹಾಕಿಸಿದ್ದರು. ಅದರ ಕೆಳಗೇ ನಿಂತು ಯಾರೋ, ಒಳ್ಳೇ ರೈಡರ್, ಆದರೆ ಬೇಕಾದ ದಿನವೇ ಬಿದ್ದ ಎಂದರು. ಇಪ್ಪತ್ತೆಂಟು ವರ್ಷದಿಂದ ನಾನು ಆ ಮಾತು ಕೇಳಿ ಸುಮ್ಮನಿದ್ದೇನೆ. ಅವನು ಬೀಳಲಿಲ್ಲ. ಬಿದ್ದವನು ನಾನು.

ಅವನಿಗೆ ಬುದ್ಧನ ಆ ಹೆಸರಿಟ್ಟದ್ದು ಬುದ್ಧವಿಹಾರಕ್ಕೆ ನಡೆದುಕೊಳ್ಳುತ್ತಿದ್ದ ಅವನ ತಾತ. ಹತ್ತನೇ ತರಗತಿ ಮುಗಿಸಿ ಸುಗತ ಶಿವಾಜಿನಗರದ ಗುಜರಿ ಸಾಲಿನಲ್ಲಿ ಎಂಜಿನ್ ಬಿಚ್ಚುವುದನ್ನು ಕಲಿತ. ಅಂಗಡಿಯಲ್ಲಿ ದಖನಿ ಉರ್ದು, ಮನೆಯಲ್ಲಿ ತಮಿಳು, ನನ್ನ ಹತ್ತಿರ ಕನ್ನಡ. ಮೂರರಲ್ಲೂ ಮಾತು ಕಡಿಮೆ. ಮೂರು ಮುರುಕು ಬೈಕು ಸೇರಿಸಿ ತನಗೊಂದು ಬೈಕು ಕಟ್ಟಿಕೊಂಡ.

ಕೆ.ಆರ್. ಪುರದಾಚೆಯ ಒಣಗಿದ ಕೆರೆಯಂಗಳದಲ್ಲಿ ಭಾನುವಾರ ಬೆಳಿಗ್ಗೆ ನಾವು ಆರು ಜನ ಓಡಿಸುತ್ತಿದ್ದೆವು. ಮಣ್ಣಿನ ಟ್ರ್ಯಾಕ್, ಎಲ್ಲ ತಿರುವೂ ಎಡಕ್ಕೆ. ಎಡಗಾಲನ್ನು ನೆಲಕ್ಕೆ ಊರಿಕೊಂಡೇ ಜಾರಬೇಕು. ಅದಕ್ಕೆ ಆ ಬೂಟಿನ ಅಡಿಗೆ ಕಬ್ಬಿಣದ ತಗಡು. ನಮ್ಮಲ್ಲಿ ಎರಡು ಕಟ್ಟುಪಾಡು. ಮುಂದಿನ ಬ್ರೇಕ್ ಕಿತ್ತಿಡಬೇಕು, ಸಡಿಲ ಮಣ್ಣಿನಲ್ಲಿ ಅದನ್ನು ಮುಟ್ಟಿದರೆ ಚಕ್ರ ಜಾರಿ ಹಿಂದೆ ಬರುವವನಿಗೂ ಅಪಾಯ. ಮುಂದಿನವನು ಬಿದ್ದರೆ ಹಿಂದಿನವನು ತನ್ನ ಬೈಕನ್ನು ಮಲಗಿಸಿಬಿಡಬೇಕು, ಅವನ ಮೇಲೆ ಹತ್ತಿಸಬಾರದು. ಎರಡನೆಯದರ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ತೊಂಬತ್ತಾರರ ಫೆಬ್ರವರಿ. ತಮ್ಮ ತಂಡಕ್ಕೆ ಒಬ್ಬನನ್ನು ಆರಿಸಲು ಬೈಕ್ ಕಂಪನಿಯೊಂದರಿಂದ ಇಬ್ಬರು ಬಂದಿದ್ದರು. ಆ ಒಬ್ಬ ಸುಗತನೇ ಎಂಬುದು ನಮಗೆಲ್ಲ ಗೊತ್ತಿತ್ತು. ನನಗೆ ಮಗಳು ಹುಟ್ಟಿ ತಿಂಗಳಾಗಿತ್ತು. ಮನಸ್ಸಿನಲ್ಲಿ ಭಯ ಸೇರಿಕೊಂಡಿತ್ತು. ಹಿಂದಿನ ದಿನ ಮುಂದಿನ ಬ್ರೇಕನ್ನು ಮತ್ತೆ ಜೋಡಿಸಿದೆ. ಯಾರಿಗೂ ಕಾಣದಿರಲೆಂದು ಹ್ಯಾಂಡಲಿನಲ್ಲಿರುವ ಅದರ ಲಿವರನ್ನು ಗರಗಸದಿಂದ ಅರ್ಧಕ್ಕೆ ಕೊಯ್ದಿದ್ದೆ.

ಮೂರನೇ ಸುತ್ತಿನಲ್ಲಿ ಸುಗತ ನನ್ನನ್ನು ದಾಟಲು ಹತ್ತಿರ ಬಂದ. ತಿರುವಿನಲ್ಲಿ ನನ್ನ ಬೆರಳು ತಾನಾಗಿ ಲಿವರಿಗೆ ಹೋಯಿತು. ನಾನು ನೆಲಕ್ಕೆ ಬಿದ್ದ ಮೇಲೆ ಕೇಳಿಸಿದ್ದು ಅವನ ತಗಡು ಕಲ್ಲಿಗೆ ಉಜ್ಜಿದ ಸದ್ದು. ಬೈಕನ್ನು ಮಲಗಿಸಿ ಅದರಡಿಗೇ ಹೋದ. ಹ್ಯಾಂಡಲ್ ನನ್ನ ತಲೆಯಿಂದ ಒಂದು ಗೇಣು ಆಚೆ ನಿಂತಿತು. ಅವನ ಎಡಮಂಡಿ ಪುಡಿಯಾಯಿತು. ಧೂಳಿನಲ್ಲಿ ದೂರದಿಂದ ನೋಡಿದ ಕಂಪನಿಯವರು, ಸುಗತ ನಿಯಂತ್ರಣ ತಪ್ಪಿ ಬಿದ್ದು ನನ್ನನ್ನೂ ಬೀಳಿಸಿದ ಎಂದು ಬರೆದುಕೊಂಡು ಹೋದರು. ಅವನು ಅಲ್ಲಗಳೆಯಲಿಲ್ಲ. ನನ್ನ ಬೈಕಿನಲ್ಲಿ ಲಿವರ್ ಇರಲಿಲ್ಲ. ಮುರಿದು ಮಣ್ಣುಪಾಲಾಯಿತು ಎಂದುಕೊಂಡೆ, ಸಮಾಧಾನವೂ ಆಯಿತು.

ಆಮೇಲೆ ಅವನು ರೇಸಿಗೆ ಇಳಿಯಲಿಲ್ಲ. ಹಲಸೂರು ಮಾರ್ಕೆಟ್ಟಿನ ಹಿಂದೆ ಗ್ಯಾರೇಜು ಹಾಕಿದ. ಯಾವ ಗಾಡಿ ಬಂದರೂ, ಏನು ತೊಂದರೆಗೆ ಬಂದರೂ, ಮೊದಲು ಬ್ರೇಕ್ ನೋಡುತ್ತಿದ್ದ. ನಾನು ಪ್ರತಿ ಶನಿವಾರ ಹೋಗಿ ಡ್ರಾಯರಿನಿಂದ ಸ್ಪ್ಯಾನರ್ ಎತ್ತಿಕೊಡುತ್ತಾ ಕೂರುತ್ತಿದ್ದೆ.

ಕಳೆದ ತಿಂಗಳು, ಡಯಾಲಿಸಿಸ್ ನಡೆಯುತ್ತಿದ್ದಾಗ, ಬ್ರೇಕಿನ ವಿಷಯ ಹೇಳಿಬಿಟ್ಟೆ. ಅವನು ಕಣ್ಣು ತೆರೆಯಲಿಲ್ಲ.

“ಗೊತ್ತು ಮಗಾ. ಬಿದ್ದಿದ್ದ ಕಡೆನೇ ನಿನ್ ಲಿವರ್ ಕೈಗೆ ಸಿಕ್ತು, ಜೇಬಿಗೆ ಹಾಕ್ಕೊಂಡೆ. ವಾರ ವಾರ ಬಂದು ಸ್ಪ್ಯಾನರ್ ಡ್ರಾಯರ್ ಎಳೀತಿದ್ಯಲ್ಲ, ಏನ್ ಹಿಡ್ಕೊಂಡು ಎಳೀತಿದ್ದೆ ಅನ್ಕೊಂಡಿದ್ದೆ?”

ಒಂದು ಮಾತು ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರೆ ನೀನು ಬರೋದು ಬಿಟ್ಬಿಡ್ತಿದ್ದೆ.”

ನಿನ್ನೆ ಅವನ ಹೆಂಡತಿ ಯಮುನಾ ಗ್ಯಾರೇಜು ಖಾಲಿ ಮಾಡಲು ಶಟರ್ ಎತ್ತಿಸಿದರು. ಡ್ರಾಯರಿನ ಹಿಡಿಗೆ ಸುತ್ತಿದ್ದ ಕಪ್ಪು ಟೇಪನ್ನು ಬಿಚ್ಚಿದೆ. ತುದಿಯಲ್ಲಿ ನನ್ನ ಗರಗಸದ ಗುರುತು, ಸೊಟ್ಟಗೆ. ಅಲ್ಲೇ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಆ ಹಿಡಿ ಹಿಡಿದು ಡ್ರಾಯರನ್ನು ಒಮ್ಮೆ ಎಳೆದು ಮುಚ್ಚಿದರು.

“ಬಿದ್ದ ಬಿದ್ದ ಅಂತ ಎಲ್ರೂ ಅಂದಾಗ ಇವ್ರು ನಗೋರು, ನಂಗೆ ಹೊಟ್ಟೆ ಉರಿಯೋದು. ಬರೀರಿ ಅಣ್ಣ. ನಿಮ್ಮ ಹೆಸರು ಹಾಕೇ ಬರೀರಿ.”

ಹಳೆಯ ಗೆಳೆಯರೆಲ್ಲ ಓದಲಿ. ಮೂರನೇ ಸುತ್ತು, ಎರಡನೇ ತಿರುವು: ಮುಂದಿನ ಬ್ರೇಕ್ ಹಿಡಿದು ಬಿದ್ದವನು ಜಗದೀಶ್, ಅಂದರೆ ನಾನು. ಸುಗತ ತನ್ನ ಬೈಕನ್ನು ತಾನೇ ಮಲಗಿಸಿದ.