ಬಿ.ಎ. ಎಂದು ಬರೆದಿದ್ದ ಹಲಗೆ

ಪದವೀಧರರಿಗೆ ಕೆಲಸ ಸಿಗದಿರುವುದಕ್ಕೆ ಅವರ ಜಂಬವೇ ಕಾರಣ ಎಂಬ ಮಾತನ್ನು ನಾನು ಪ್ರಾಯದಿಂದಲೂ ಕೇಳುತ್ತ ಬಂದಿದ್ದೇನೆ. ಓದಿದವನು ಕುರ್ಚಿಯನ್ನೇ ಬಯಸುತ್ತಾನೆ, ಕೈ ಮಸಿ ಮಾಡಿಕೊಳ್ಳಲು ಒಪ್ಪುವುದಿಲ್ಲ, ಆದ್ದರಿಂದ ಮನೆಯಲ್ಲಿ ಕೂರುತ್ತಾನೆ ಎಂದು ಪುಸ್ತಕಗಳಲ್ಲಿ ಬರೆದಿದೆ. ಈಚೆಗೆ ಕೆಂಗೇರಿ ಪಕ್ಕದ ಉಲ್ಲಾಳದ ಬಳಿ ನಡೆದ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು ಇದನ್ನೇ ಹೇಳಿ, ಈ ರೋಗ ಐವತ್ತರ ದಶಕದಲ್ಲೇ ಅಂಟಿಕೊಂಡಿತು ಎಂದೂ ಸೇರಿಸಿದರು. ಐವತ್ತರ ದಶಕದಲ್ಲಿ ಅವರು ಹುಟ್ಟಿರಲಿಲ್ಲ. ನಾನಿದ್ದೆ. ನನ್ನ ಅಣ್ಣನೂ ಇದ್ದ.

ನಾನು ಮಿಡ್ಲ್‌ಸ್ಕೂಲಿಗೇ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಅಣ್ಣ ಓದಿ ಮುಗಿಸಿದ ಪುಸ್ತಕಗಳಿಂದ. ಅವನ ಅರ್ಥಶಾಸ್ತ್ರದ ಪುಸ್ತಕದಲ್ಲೂ ಆ ಜಂಬದ ಪಾಠವಿತ್ತು. ಅದನ್ನು ನಾನು ಎರಡು ಸಲ ಓದಿದ್ದೇನೆ. ಅಚ್ಚಾದದ್ದೆಲ್ಲ ನಿಜವಲ್ಲ ಎಂಬುದು ನನಗೆ ಮೊದಲು ತಿಳಿದದ್ದು ಅಲ್ಲಿಯೇ.

ನಮ್ಮ ಮನೆ ಹಳೆಯ ಕೆಂಗೇರಿಯ ಒಂದು ಓಣಿಯಲ್ಲಿತ್ತು. ಅಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದರು. ಇಬ್ಬರು ಮಕ್ಕಳಲ್ಲಿ ಒಬ್ಬ ಓದಬೇಕು, ಇನ್ನೊಬ್ಬ ದುಡಿಯಬೇಕು ಎಂದು ಅವರೇ ತೀರ್ಮಾನಿಸಿದ್ದರು. ಅಣ್ಣ ದಿನವೂ ರೈಲು ಹತ್ತಿ ಪೇಟೆಯ ಕಾಲೇಜಿಗೆ ಹೋಗಿ ಬಿ.ಎ. ಪಾಸು ಮಾಡಿದ. ಅಪ್ಪ ಹಲಸಿನ ಹಲಗೆಯೊಂದಕ್ಕೆ ಕಪ್ಪು ಬಣ್ಣ ಬಳಿಸಿ, ಬಿಳಿಯಲ್ಲಿ ಅಣ್ಣನ ಹೆಸರು ಬರೆಸಿ, ಬಾಗಿಲ ಮೇಲೆ ಮೊಳೆ ಹೊಡೆದರು. ಹೆಸರಿಗಿಂತ ‘ಬಿ.ಎ.’ ಎಂಬ ಅಕ್ಷರಗಳೇ ದಪ್ಪವಾಗಿದ್ದವು. ಅಂದಿನಿಂದ ಓಣಿಗೆಲ್ಲ ನಮ್ಮದು ಬಿ.ಎ. ಮನೆ.

ಹಲಗೆ ಎರಡು ವರ್ಷ ಬಿಸಿಲು ಮಳೆ ಕಂಡಿತು. ಕೆಲಸ ಮಾತ್ರ ಬರಲಿಲ್ಲ. ಒಂದು ಕಚೇರಿಯಲ್ಲಿ ಅನುಭವವಿದೆಯೇ ಎಂದು ಕೇಳಿದರು. ಕೆಲಸವೇ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ಅಣ್ಣ ತಿರುಗಿ ಕೇಳಿದ್ದಕ್ಕೆ, ಆ ಕಚೇರಿಯಿಂದ ಮತ್ತೆ ಕರೆ ಬರಲಿಲ್ಲ. ಇನ್ನೊಂದು ಕಡೆ ಟೈಪಿಂಗ್ ಬೇಕೆಂದರು. ಅವನು ಟೈಪಿಂಗ್ ಪಾಸು ಮಾಡಿಕೊಂಡು ಹೋಗುವಷ್ಟರಲ್ಲಿ ಯಾರದೋ ಶಿಫಾರಸು ಹಿಡಿದು ಬಂದವನು ಆ ಕುರ್ಚಿಯಲ್ಲಿ ಕೂತಿದ್ದ. ನಮ್ಮ ಅಪ್ಪನಿಗೆ ಗೊತ್ತಿದ್ದ ದೊಡ್ಡ ಮನುಷ್ಯರೆಂದರೆ ಶಾನುಭೋಗರು. ಅವರ ಮನೆಯಲ್ಲೇ ಕೆಲಸವಿಲ್ಲದ ಮಗನೊಬ್ಬನಿದ್ದ.

ಆಗ ನಾನು ರಾಜಾಜಿನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬಾಗಿಲ ಚಿಲಕಗಳನ್ನು ಮಾಡುವ ಕೆಲಸದಲ್ಲಿದ್ದೆ. ಬೆಳಗ್ಗೆ ಸೈಕಲ್ ಹತ್ತುವಾಗ ಒಂದು ದಿನ ಅಣ್ಣ ಹ್ಯಾಂಡಲ್ ಹಿಡಿದು ನಿಲ್ಲಿಸಿದ.

“ನಿಮ್ ವರ್ಕ್‌ಶಾಪಲ್ಲಿ ನಂಗೊಂದು ಜಾಗ ಸಿಗುತ್ತೇನೋ?”

“ತಮಾಷೆ ಮಾಡ್ಬೇಡ ಕಣಣ್ಣ.”

“ತಮಾಷೆ ಅಲ್ಲ ಕಣೋ. ಪಕ್ಕದ ಎರಡು ವರ್ಕ್‌ಶಾಪಲ್ಲೂ ಕೇಳ್ಬಂದೆ. ಬಿ.ಎ. ಅಂದ ತಕ್ಷಣ ಕುರ್ಚಿ ಹಾಕಿ ಕೂರಿಸ್ತಾರೆ, ನೀರು ಕೊಡ್ತಾರೆ, ಆಮೇಲೆ ಕೈ ಮುಗಿದು ಕಳಿಸ್ತಾರೆ.”

ಕೈ ಮಸಿ ಮಾಡಿಕೊಳ್ಳಲು ಒಪ್ಪುವುದಿಲ್ಲವೆಂದು ಪುಸ್ತಕ ಹೇಳುವ ಮನುಷ್ಯ ಇವನೇ.

ನಾನು ನಮ್ಮ ಮೇಸ್ತ್ರಿಗೆ, ಅಣ್ಣನೂ ನನ್ನಷ್ಟೇ ಓದಿದ್ದಾನೆ ಎಂದು ಸುಳ್ಳು ಹೇಳಿ ಸೇರಿಸಿದೆ. ಚಿಲಕದ ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳುಗಳನ್ನು ಅರದಿಂದ ಉಜ್ಜಿ ನಯ ಮಾಡುವುದು ಅವನ ಕೆಲಸ. ಮೊದಲ ವಾರ ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಅವ್ವ ಹರಳೆಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು; ಅವನು ಒಂದು ದಿನವೂ ತಪ್ಪಿಸಲಿಲ್ಲ. ಮೂರನೆಯ ವಾರದ ಹೊತ್ತಿಗೆ ಅವನು ಮಾಡಿದ ಒಂದು ಚಿಲಕವೂ ವಾಪಸು ಬರುತ್ತಿರಲಿಲ್ಲ.

“ಲೋ, ನಿಂಗಿಂತ ನಿಮ್ಮಣ್ಣನ ಕೈಯೇ ನಯ ಕಣೋ,” ಎಂದರು ಮೇಸ್ತ್ರಿ ನಾಲ್ಕನೆಯ ವಾರ. “ಮುಂದಿನ ತಿಂಗಳಿಂದ ಕಾಯಂ ಮಾಡಿ ಅಂತ ಸಾಹುಕಾರ್ರಿಗೆ ಹೇಳ್ತೀನಿ. ಭಾನುವಾರ ಹೆಂಗೂ ಕೆಂಗೇರಿಗೆ ಹಸು ನೋಡೋಕೆ ಬರ್ತಾ ಇದೀನಿ. ನಿಮ್ಮಪ್ಪನ್ನೂ ಕಂಡು ಒಂದ್ಮಾತು ಹೇಳಿ ಹೋಗ್ತೀನಿ.”

ಕಾಯಂ ಎಂಬ ಮಾತು ಕೇಳಿ ಅಣ್ಣ ಅಂದು ದಾರಿಯುದ್ದಕ್ಕೂ ಸೈಕಲ್ಲಿನ ಹಿಂದೆ ಕೂತು ಹಾಡಿಕೊಂಡ. ನನಗೆ ಮಾತ್ರ ಬಾಗಿಲ ಮೇಲಿನ ಹಲಗೆಯ ನೆನಪಾಯಿತು.

ಭಾನುವಾರ ಬೆಳಗ್ಗೆಯೇ ಮೊಳೆ ಮೀಟಿ ಹಲಗೆ ಇಳಿಸಿದೆ. ಅವಸರದಲ್ಲಿ ಅದರ ಒಂದು ಅಂಚು ಸೀಳಿತು. ಅಪ್ಪ ಜಗಲಿಯಿಂದ ನೋಡುತ್ತಿದ್ದರು.

“ಯಾಕ್ಲಾ? ನನ್ ಮಗ ಏನಾದ್ರೂ ಕದ್ದವ್ನಾ, ಹೆಸರು ಬಚ್ಚಿಡಾಕೆ?”

“ಇದೊಂದು ದಿನ ಅಪ್ಪ. ಅಣ್ಣನ ಕೆಲ್ಸ ಕಾಯಂ ಆಗ್ಲಿ.”

ಹಲಗೆಯನ್ನು ರಾಗಿ ಮೂಟೆಗಳ ಹಿಂದೆ ಇಟ್ಟೆ. ಎಲ್ಲವನ್ನೂ ಯೋಚಿಸಿದ್ದೆ, ಓಣಿಯನ್ನು ಯೋಚಿಸಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಓಣಿಯ ತುದಿಯಲ್ಲಿ ಮೇಸ್ತ್ರಿಯ ದನಿ ಕೇಳಿಸಿತು. ಸಂಡಿಗೆ ಒಣಹಾಕುತ್ತಿದ್ದ ನೆರೆಮನೆಯ ಮುದುಕಿಯನ್ನು ಅವರು ವಿಚಾರಿಸುತ್ತಿದ್ದರು.

“ಚಿಲಕದ ವರ್ಕ್‌ಶಾಪಿಗೆ ಹೋಗೋ ಅಣ್ಣತಮ್ಮಂದಿರ ಮನೆ ಯಾವ್ದವ್ವ?”

“ಚಿಲಕನಾ? ಬಿ.ಎ. ಮನೆ ಅನ್ನಿ ಸ್ವಾಮಿ! ಇಡೀ ಓಣಿಗೆ ಅವ್ನೊಬ್ನೇ ಬಿ.ಎ. ನನ್ ಮಗನ ಕಾಗದ ಓದಿ ಹೇಳೋನೂ ಅವ್ನೇ, ಬರ್ಕೊಡೋನೂ ಅವ್ನೇ. ಬನ್ನಿ, ಬಾಗ್ಲ ಮ್ಯಾಲೆ ಇಷ್ಟುದ್ದದ ಹಲಗೆ ಐತೆ, ತೋರುಸ್ತೀನಿ.”

ಅಕ್ಕರೆಯಿಂದ ಅವರನ್ನು ನಮ್ಮ ಬಾಗಿಲಿಗೇ ಕರೆತಂದು ತಲೆ ಎತ್ತಿದಳು. ಅಲ್ಲಿ ಬೆಳ್ಳನೆಯ ಗುರುತು, ಮೊಳೆಯ ತೂತುಗಳು.

“ಅಯ್ಯಯ್ಯೋ, ನಮ್ ಬಿ.ಎ. ಹಲಗೆ ಯಾವ ಕಳ್ ನನ್ಮಗ ಹೊತ್ಕೊಂಡೋದ್ನೋ!”

ಅವಳ ಕೂಗಿಗೆ ನಾಲ್ಕು ಮನೆಯವರು ಹೊರಬಂದರು. ಅಣ್ಣನೂ ಬಂದ. ಶನಿವಾರ ಸಂಜೆಯವರೆಗೆ ಅವನನ್ನು ‘ಲೋ’ ಎಂದು ಕೂಗುತ್ತಿದ್ದ ಮೇಸ್ತ್ರಿ ಈಗ ಹೆಗಲ ಮೇಲಿದ್ದ ವಸ್ತ್ರವನ್ನು ಕೈಗೆ ತೆಗೆದುಕೊಂಡು ನಿಂತರು.

“ನಿಜವಾ ಸ್ವಾಮಿ?”

“ನಿಜ ಮೇಸ್ತ್ರಿ. ಬನ್ನಿ, ಕೂತ್ಕೊಳ್ಳಿ.”

“ಯಾಕೆ ಸುಳ್ಳು ಹೇಳಿಸಿದ್ರಿ?”

“ನಿಜ ಹೇಳಿದ ಕಡೆ ಎಲ್ಲ ಬಾಗ್ಲು ಹಾಕಿದ್ರು.”

ನಾನು ಮಧ್ಯೆ ಬಾಯಿ ಹಾಕಿದೆ. “ಕೆಲ್ಸದಲ್ಲಿ ಏನಾದ್ರೂ ತಪ್ಪು ಕಂಡ್ರಾ ಮೇಸ್ತ್ರಿ? ಎಲ್ರ ಮುಂದೇನೇ ಹೇಳಿ.”

“ಸುಳ್ಳು ಯಾಕೆ ಹೇಳ್ಲಿ? ಕೆಲ್ಸ ಚಿನ್ನ. ಆದ್ರೆ ನಾನು ನಾಲ್ಕನೇ ಕ್ಲಾಸು ಕಣಪ್ಪ. ನಾಳೆ ಇವರ್ನ ಬೈಯೋಕೆ ನಂಗೆ ಬಾಯಿ ಬರುತ್ತಾ? ಸಾಹುಕಾರ್ರಿಗೆ ಗೊತ್ತಾದ್ರೆ, ಓದಿರೋನ್ನ ಯಾಕೆ ತಂದೆ, ನಾಳೆ ನಂಗೇ ಕಾನೂನು ಹೇಳ್ತಾನೆ ಅಂತ ನನ್ನೇ ಮನೆಗೆ ಕಳಿಸ್ತಾರೆ.”

“ಬೈರಿ ಮೇಸ್ತ್ರಿ,” ಎಂದ ಅಣ್ಣ. “ನಮ್ಮಪ್ಪ ದಿನಾ ಬೈತಾರೆ, ಅವ್ರು ಒಂದನೇ ಕ್ಲಾಸೂ ಓದಿಲ್ಲ.”

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕರು. ಅವ್ವ ಕೊಟ್ಟ ಮಜ್ಜಿಗೆ ಕುಡಿದರು. ಆಮೇಲೆ, “ನಾಳೆಯಿಂದ ನೀವು ಬರೋದು ಬೇಡ ಸ್ವಾಮಿ,” ಎಂದು ಎರಡೂ ಕೈ ಮುಗಿದು, ಹಸುವನ್ನೂ ನೋಡದೆ ಹೊರಟುಹೋದರು.

ಆ ಮೇಸ್ತ್ರಿಯ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೆದರಿದರು, ಆದರೆ ಹೆದರಿದ್ದೇನೆಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡರು. ಪುಸ್ತಕ ಬರೆದವರಿಗೆ ಅಷ್ಟು ಪ್ರಾಮಾಣಿಕತೆ ಇದ್ದುದನ್ನು ನಾನು ಕಂಡಿಲ್ಲ. ಕಾಲೇಜುಗಳು ವರ್ಷವರ್ಷವೂ ಗುಮಾಸ್ತರನ್ನು ತಯಾರಿಸಿದವು, ಕುರ್ಚಿಗಳು ಅಷ್ಟಿರಲಿಲ್ಲ. ಇದ್ದ ಕುರ್ಚಿಗೆ ಶಿಫಾರಸು ಬೇಕಿತ್ತು. ಕುರ್ಚಿ ಬೇಡ, ಅರ ಕೊಡಿ ಎಂದವನನ್ನು ಕೈ ಮುಗಿದು ಹೊರಗೆ ಕಳಿಸಿದರು. ಇಷ್ಟೆಲ್ಲ ಮಾಡಿ, ತಪ್ಪು ಮಾತ್ರ ಕೆಲಸ ಕೇಳಿಕೊಂಡು ಹೋದವನದು ಎಂದರು. ಇದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಸಂಜೆ ಅಣ್ಣ ಮೂಟೆಗಳ ಹಿಂದಿನಿಂದ ಹಲಗೆ ತಂದು ಜಗಲಿಯ ಮೇಲೆ ಮಲಗಿಸಿದ.

“ಬೇಡ ಬುಡ್ಲಾ,” ಎಂದರು ಅಪ್ಪ. “ಇಷ್ಟೆಲ್ಲ ಮಾಡಿದ್ದೇ ಅದು. ಒಲೆಗಾದ್ರೂ ಆಗ್ಲಿ.”

“ಯಾಕಪ್ಪ? ಬೆಳಗ್ಗೆ ನೀವೇ ಕೇಳಿದ್ರಲ್ಲ. ನಾನೇನೂ ಕದ್ದಿಲ್ಲ.”

ಸೀಳಿದ ಅಂಚನ್ನು ಅವನು ಅರ ಹಾಕಿ ಉಜ್ಜಿದ. ಬೆರಳಾಡಿಸಿ ನೋಡಿ ಮತ್ತೆ ಉಜ್ಜಿದ. ಮೊಳೆ ಬೇಡವೆಂದು ನಾಲ್ಕು ಮೂಲೆಗೂ ತಿರುಪು ಹಾಕಿ ಬಿಗಿದು, ನನ್ನ ಕಡೆ ತಿರುಗಿ, “ಈಗ ಕೀಳು ನೋಡೋಣ ಮಗನೇ,” ಎಂದ.

ಮರುದಿನ ಇನ್ನೊಂದು ಕಚೇರಿಗೆ ಅರ್ಜಿ ತುಂಬಲು ಕೂತ. ನಾನು ಪಕ್ಕದಲ್ಲಿದ್ದೆ. ಅನುಭವ ಎಂಬ ಕಡೆ ಎರಡು ವರ್ಷದಿಂದ ಗೆರೆ ಎಳೆದು ಬಿಡುತ್ತಿದ್ದವನು ಈ ಸಲ, ಚಿಲಕದ ವರ್ಕ್‌ಶಾಪಿನಲ್ಲಿ ಅರ ಹಾಕುವ ಕೆಲಸ, ನಾಲ್ಕು ವಾರ ಎಂದು ಬರೆದ. ಅದರ ಕೆಳಗೆ, ಹಿಂದಿನ ಕೆಲಸ ಬಿಟ್ಟ ಕಾರಣವೇನು ಎಂದು ಕೇಳಿದ್ದರು. ಬಿ.ಎ. ಎಂದು ಬರೆದ.

“ಹಿಂಗೆ ಬರೆದ್ರೆ ಯಾರು ಕರೀತಾರಣ್ಣ?” ಎಂದೆ.

“ಕರೀದಿದ್ರೆ ಬಿಡ್ಲಿ. ಓದ್ಲಿ.”

ಆ ಅರ್ಜಿಗೆ ಉತ್ತರ ಬರಲಿಲ್ಲ. ಮುಂದಿನ ಅರ್ಜಿಯಲ್ಲೂ ಅವನು ಅದನ್ನೇ ಬರೆದ.